ಮಂಡಿಯೊಳಗಿನ ಕೆರೆ

ಎಕ್ಸ್‌ರೇ ಹಾಳೆಯನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ, ಡಾಕ್ಟರು ಪೆನ್ನಿನ ತುದಿಯಿಂದ ತೊಡೆಮೂಳೆಗೂ ಅದರ ಕೆಳಗಿನ ಮೂಳೆಗೂ ನಡುವಿದ್ದ ಕಪ್ಪು ಗೆರೆಯನ್ನು ತೋರಿಸಿದರು. “ನೋಡಿ ಅಮ್ಮ, ಹೊರಗಡೆ ಗ್ಯಾಪ್ ಚೆನ್ನಾಗಿದೆ. ಒಳಗಡೆ ಮಾತ್ರ ಬಹಳ ಕಮ್ಮಿಯಾಗಿದೆ.” ಅಮ್ಮನಿಗೆ ಎಪ್ಪತ್ತೊಂದು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ನಡೆದೇ ಹೋಗಿ ತರಕಾರಿ ತರುವುದು ಅವಳ ನಲವತ್ತು ವರ್ಷದ ಅಭ್ಯಾಸ. ಡಾಕ್ಟರ ಎದುರು ಸುಮ್ಮನೆ ತಲೆಯಾಡಿಸಿದವಳು ಆಟೋ ಹತ್ತಿದ ಮೇಲೆ ಕೇಳಿದಳು: “ಅಲ್ಲ ಕಣೇ, ಮಂಡಿ ಸವೆದಿದೆ ಅಂತಾರೆ. ಸವೆದರೆ ಗ್ಯಾಪ್ ಜಾಸ್ತಿ ಆಗಬೇಕಲ್ವಾ? ಕಮ್ಮಿ ಹೇಗಾಗತ್ತೆ?”

ಎಕ್ಸ್‌ರೇ ಕಣ್ಣಿಗೆ ಮೂಳೆ ಕಾಣುತ್ತದೆ, ಮೃದ್ವಸ್ಥಿ ಕಾಣುವುದಿಲ್ಲ. ಎರಡೂ ಮೂಳೆಗಳ ತುದಿಗೆ ಹೊದಿಸಿದ, ಕೆಲವೇ ಮಿಲಿಮೀಟರ್ ದಪ್ಪದ, ಎಳನೀರಿನ ಗಂಜಿಯಂತೆ ಬೆಳ್ಳಗೆ ಹೊಳೆಯುವ ಪದರ ಅದು. ಕಿರಣಗಳು ಅದನ್ನು ಸಲೀಸಾಗಿ ದಾಟಿಹೋಗುವುದರಿಂದ ಹಾಳೆಯ ಮೇಲೆ ಬರೀ ಕಪ್ಪು ಮೂಡುತ್ತದೆ. ಆ ಕಪ್ಪನ್ನೇ ಎಲ್ಲರೂ ಗ್ಯಾಪ್ ಎನ್ನುತ್ತಾರೆ. ಪದರ ತೆಳುವಾದಷ್ಟೂ ಮೂಳೆಗಳು ಹತ್ತಿರ ಬರುತ್ತವೆ. ಅಮ್ಮನ ತರ್ಕ ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ‘ಗ್ಯಾಪ್’ ಎಂಬ ಮಾತಿನಲ್ಲಿ.

ಇದೇ ತಪ್ಪನ್ನು ವಿಜ್ಞಾನವೂ ಬಹಳ ಕಾಲ ಮಾಡಿತು. ಸೂಕ್ಷ್ಮದರ್ಶಕದ ಕೆಳಗೆ ದೇಹದ ಚೂರುಗಳನ್ನಿಟ್ಟು ನೋಡಿದವರು ಜೀವಕೋಶಗಳನ್ನು ಎಣಿಸಿದರು, ಅವುಗಳಿಗೆ ಹೆಸರಿಟ್ಟರು. ಕೋಶಗಳ ನಡುವೆ ಇದ್ದದ್ದನ್ನು ಮಾತ್ರ ಸಂದಿಗೆ ಮೆತ್ತಿದ ಅಂಟು ಎಂದು ಬದಿಗಿಟ್ಟರು. ಬೆಂಗಳೂರಿನವರಿಗೆ ಈ ತಪ್ಪನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಬಿಟಿಎಂ ಬಡಾವಣೆಯ ಮೂರಕ್ಷರ ಬಿಡಿಸಿದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ‘ಸಂದ್ರ’ವೆಂದರೆ ಸಮುದ್ರ, ಅಂದರೆ ದೊಡ್ಡ ಕೆರೆ. ತಾವರೆಕೆರೆಯ ಹೆಸರೇ ಎಲ್ಲ ಹೇಳುತ್ತದೆ. ಮಡಿವಾಳದಲ್ಲಿ ಕೆರೆ ಈಗಲೂ ಇದೆ. ಮನೆಗಳ ನಡುವೆ ನೀರು ಹಿಡಿದಿಡುತ್ತಿದ್ದ ತಗ್ಗನ್ನೆಲ್ಲ ನಾವು ಖಾಲಿ ಜಾಗವೆಂದು ಲೆಕ್ಕಕ್ಕೆ ತೆಗೆದುಕೊಂಡೆವು. ಅದು ಖಾಲಿಯಾಗಿರಲಿಲ್ಲ, ಕೆಲಸ ಮಾಡುತ್ತಿತ್ತು ಎಂಬುದು ಮಳೆ ಬಂದ ರಾತ್ರಿ ಬಾಗಿಲೊಳಗೆ ನೀರು ನುಗ್ಗಿದಾಗ ಅರಿವಾಗುತ್ತದೆ. ದೇಹದಲ್ಲೂ ಜೀವಕೋಶಗಳ ನಡುವೆ ನೀರು ಹಿಡಿದಿಡುವ ಇಂಥ ಜಾಗಗಳಿವೆ. ಅಲ್ಲಿ ನೀರು ಹಿಡಿಯುವ ಅಣುಗಳ ಹೆಸರು ಪ್ರೋಟಿಯೋಗ್ಲೈಕನ್.

ಈ ಅಣುವಿನ ರೂಪ ನೆನಪಿಟ್ಟುಕೊಳ್ಳಲು ಹೊಂಬಾಳೆ ಸಾಕು. ನಡುವೆ ಪ್ರೋಟೀನಿನ ಒಂದು ದಂಟು, ಅದರ ಸುತ್ತ ಇಳಿಬಿದ್ದ ಸಕ್ಕರೆಯ ಉದ್ದನೆಯ ಎಳೆಗಳು. ಮೃದ್ವಸ್ಥಿಯಲ್ಲಿರುವ ಅಗ್ರೆಕಾನ್ ಎಂಬ ಪ್ರೋಟಿಯೋಗ್ಲೈಕನ್‌ಗೆ ಇಂಥ ಎಳೆಗಳು ನೂರರ ಆಸುಪಾಸಿನಲ್ಲಿವೆ. ಅವುಗಳಲ್ಲಿ ಹೆಚ್ಚಿನವು ಕಾಂಡ್ರಾಯ್ಟಿನ್ ಸಲ್ಫೇಟ್. ಸಲ್ಫೇಟ್ ಇರುವುದರಿಂದ ಎಳೆಯ ಉದ್ದಕ್ಕೂ ಋಣ ವಿದ್ಯುದಂಶ. ಎಳೆಗಳು ಒಂದನ್ನೊಂದು ತಳ್ಳಿಕೊಂಡು ಅರಳಿ ನಿಲ್ಲುತ್ತವೆ, ಸೋಡಿಯಂ ಅನ್ನು ಎಳೆದುಕೊಳ್ಳುತ್ತವೆ, ಸೋಡಿಯಂ ಹಿಂದೆಯೇ ನೀರು ಬರುತ್ತದೆ. ಬೇಸಿಗೆಯಲ್ಲಿ ಶರಬತ್ತಿಗೆ ಹಾಕುವ ಕಾಮಕಸ್ತೂರಿ ಬೀಜವನ್ನು ನೆನೆಸಿ ನೋಡಿದವರಿಗೆ ಇದು ಹೊಸದಲ್ಲ. ಸಾಸಿವೆಯಷ್ಟಿದ್ದ ಬೀಜ ತನ್ನ ಸುತ್ತ ನೀರಿನ ಗುಂಡು ಕಟ್ಟಿಕೊಂಡು ಕೂರುತ್ತದೆ. ಅಂಥ ಬೀಜಗಳನ್ನು ಬಿಗಿಯಾದ ಬಟ್ಟೆಯ ಗಂಟಿನಲ್ಲಿ ಕಟ್ಟಿ ನೀರಿಗೆ ಹಾಕಿದರೆ ಗಂಟು ಉಬ್ಬಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಮೃದ್ವಸ್ಥಿ ಅಂಥದೇ ಗಂಟು. ಕೊಲಾಜೆನ್ ನಾರು ಬಟ್ಟೆ, ಅಗ್ರೆಕಾನ್ ಬೀಜ. ಮೃದ್ವಸ್ಥಿಯ ತೂಕದಲ್ಲಿ ನೂರಕ್ಕೆ 65ರಿಂದ 80ರಷ್ಟು ಬರೀ ನೀರು. ಸಾಧಾರಣ ನಡಿಗೆಯಲ್ಲೇ ಮಂಡಿಯ ಮೇಲೆ ಮೈತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಅದನ್ನು ಹೊರುವುದು ಈ ನೀರೇ.

ಇದನ್ನು ಬಿಡಿಸಿದವರಲ್ಲಿ ಒಬ್ಬಳ ಹೆಸರು ಹೇಳದೆ ಮುಂದೆ ಹೋಗಲಾರೆ. ಹೆಲೆನ್ ಮ್ಯೂರ್ ಹುಟ್ಟಿದ್ದು 1920ರಲ್ಲಿ, ನಮ್ಮ ನೈನಿತಾಲ್‌ನಲ್ಲಿ. ಸಕ್ಕರೆಯ ಎಳೆಗಳು ಪ್ರೋಟೀನಿಗೆ ಸುಮ್ಮನೆ ತಾಗಿಕೊಂಡಿಲ್ಲ, ಸೆರೀನ್ ಎಂಬ ಅಮೈನೋ ಆಮ್ಲದ ಬಳಿ ಗಟ್ಟಿಯಾಗಿ ಬೆಸೆದುಕೊಂಡಿವೆ ಎಂದು ಲಂಡನ್ನಿನಲ್ಲಿ 1958ರಲ್ಲಿ ತೋರಿಸಿದಳು. 1972ರಲ್ಲಿ ಟಿಮ್ ಹಾರ್ಡಿಂಗ್‌ಹ್ಯಾಮ್ ಜೊತೆ ಇನ್ನೊಂದು ಕಂಡುಕೊಂಡಳು. ಈ ಹೊಂಬಾಳೆಗಳು ಬಿಡಿಬಿಡಿಯಾಗಿರುವುದಿಲ್ಲ, ಹಯಲುರಾನಿಕ್ ಆಮ್ಲದ ಉದ್ದನೆಯ ಹಗ್ಗಕ್ಕೆ ಸಾಲಾಗಿ ಕಟ್ಟಿದ ತೋರಣದಂತಿರುತ್ತವೆ. ಇಂದು ಮುಖಕ್ಕೆ ಹಚ್ಚುವ ಸೀರಂ ಬಾಟಲಿಯ ಮೇಲೆ ಹೆಸರು ಓದುತ್ತೇವಲ್ಲ, ಅದೇ ಹಯಲುರಾನಿಕ್ ಆಮ್ಲ. ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಅದನ್ನು 1934ರಲ್ಲಿ ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನೊಳಗಿನ ಲೋಳೆಯಿಂದ.

ಸವೆತ ಎಂದರೇನು?

“ಮಂಡಿ ಸವೆದಿದೆ” ಎನ್ನುವಾಗ ನಮ್ಮ ಕಣ್ಣಮುಂದೆ ಬರುವುದು ಚಪ್ಪಲಿಯ ಅಟ್ಟೆ. ಓಡಾಡಿದಷ್ಟೂ ತೇಯುತ್ತದೆ, ಆದ್ದರಿಂದ ಓಡಾಡಬಾರದು. ಬನಶಂಕರಿಯಿಂದ ಜೆ.ಪಿ. ನಗರದವರೆಗೆ ಎಷ್ಟು ಮನೆಗಳಲ್ಲಿ ಹಿರಿಯರು ಈ ಒಂದು ಹೋಲಿಕೆಯನ್ನು ನಂಬಿ ಕುರ್ಚಿ ಹಿಡಿದಿದ್ದಾರೋ! ಮೃದ್ವಸ್ಥಿಯಲ್ಲಿ ರಕ್ತನಾಳವಿಲ್ಲ, ನರವೂ ಇಲ್ಲ. ಅಲ್ಲಿನ ಜೀವಕೋಶಕ್ಕೆ ಆಹಾರ ಸಿಗುವುದು ಕೀಲಿನೊಳಗಿನ ದ್ರವದಿಂದ. ಕಾಲೂರಿದಾಗ ಪದರ ಹಿಂಡಿಕೊಂಡು ನೀರು ಹೊರಗೆ ಹೋಗುತ್ತದೆ, ಕಾಲೆತ್ತಿದಾಗ ಅಗ್ರೆಕಾನ್ ಮತ್ತೆ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಡಿಗೆಯೇ ಅದರ ಉಸಿರಾಟ, ಊಟ. ಕೂತೇ ಇರುವ ಮಂಡಿ ಉಪವಾಸ ಬೀಳುತ್ತದೆ.

ಹಾಗಾದರೆ ಸವೆಸುವವರು ಯಾರು? ಮೃದ್ವಸ್ಥಿಯ ಜೀವಕೋಶಗಳೇ. ಪೆಟ್ಟು, ಉರಿಯೂತ, ವಯಸ್ಸು, ಅತಿ ಭಾರ ಇವುಗಳಿಂದ ಕೆರಳಿದ ಕೋಶಗಳು ಅಗ್ರೆಕಾನ್‌ನ ದಂಟನ್ನು ಕತ್ತರಿಸುವ ಕಿಣ್ವಗಳನ್ನು ಸುರಿಸುತ್ತವೆ. ಇಂಥ ಮೊದಲ ಕಿಣ್ವವನ್ನು ಗುರುತಿಸಿದ್ದು 1999ರಲ್ಲಿ. 2005ರಲ್ಲಿ ಎರಡು ತಂಡಗಳು ಎಡಿಎಎಂಟಿಎಸ್-5 ಎಂಬ ಕಿಣ್ವ ಕೆಲಸ ಮಾಡದ ಇಲಿಗಳನ್ನು ಬೆಳೆಸಿ ನೋಡಿದವು. ಅವುಗಳ ಮೃದ್ವಸ್ಥಿ ಗಮನಾರ್ಹವಾಗಿ ಉಳಿಯಿತು. ಆ ಫಲವನ್ನು ಮನುಷ್ಯರ ಮಂಡಿಗೆ ತರುವ ಪ್ರಯತ್ನ ಇನ್ನೂ ನಡೆಯುತ್ತಲೇ ಇದೆ. ಕತ್ತರಿಸಿದ ಹೊಂಬಾಳೆ ತೊಳೆದುಹೋದ ಮೇಲೆ ನೀರು ಹಿಡಿಯುವವರಿಲ್ಲ. ಬೀಜವಿಲ್ಲದ ಬಟ್ಟೆಯ ಗಂಟು ಜೋತುಬೀಳುತ್ತದೆ, ಕೊಲಾಜೆನ್ ನಾರುಗಳ ಮೇಲೇ ಭಾರ ಬಿದ್ದು ಅವೂ ಹರಿಯುತ್ತವೆ. ಕೆರೆ ಬತ್ತಿದ ಮೇಲೆ ಏರಿ ಬಿರುಕು ಬಿಡುವ ಹಾಗೆ.

ಮೆಡಿಕಲ್ ಶಾಪಿನಲ್ಲಿ ಕಾಂಡ್ರಾಯ್ಟಿನ್ ಮತ್ತು ಗ್ಲೂಕೋಸಮೈನ್ ಮಾತ್ರೆ ಸಿಗುತ್ತದೆ. ಕಳೆದುಹೋದದ್ದನ್ನೇ ಬಾಯಿಂದ ತುಂಬಿಸಿಬಿಡಬಹುದು ಎಂಬ ಆಸೆ ಸಹಜ. ಅಮೆರಿಕದಲ್ಲಿ 1,583 ಮಂಡಿನೋವಿನವರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಔಷಧವೇ ಇಲ್ಲದ ಹುಸಿಮಾತ್ರೆ ನುಂಗಿದವರಲ್ಲೂ ನೂರಕ್ಕೆ 60 ಜನರಿಗೆ ನೋವು ಇಳಿದಿತ್ತು. ಒಟ್ಟು ಲೆಕ್ಕದಲ್ಲಿ ಈ ಎರಡು ಮಾತ್ರೆಗಳು ಅದನ್ನು ಸ್ಪಷ್ಟವಾಗಿ ಮೀರಲಿಲ್ಲ. ನೋವು ಮಧ್ಯಮದಿಂದ ತೀವ್ರ ಮಟ್ಟದಲ್ಲಿದ್ದ ಸಣ್ಣ ಗುಂಪಿನಲ್ಲಿ ಎರಡನ್ನೂ ಒಟ್ಟಿಗೆ ತೆಗೆದುಕೊಂಡವರಿಗೆ ಮಾತ್ರ ಕೊಂಚ ಪ್ರಯೋಜನ ಕಂಡಿತ್ತು. ಕಾಂಡ್ರಾಯ್ಟಿನ್ ತೆಗೆಯುವುದು ಸಾಮಾನ್ಯವಾಗಿ ದನ, ಹಂದಿ ಅಥವಾ ಶಾರ್ಕ್ ಮೀನಿನ ಮೃದ್ವಸ್ಥಿಯಿಂದ. ಸಸ್ಯಾಹಾರದ ನೇಮವಿರುವವರು ಇದನ್ನು ಕೇಳಿ ತಿಳಿದುಕೊಂಡೇ ತೆಗೆದುಕೊಳ್ಳಲಿ ಎಂದು ಇಲ್ಲಿ ಬರೆದಿದ್ದೇನೆ. ಕಾಲುಸೂಪಿನ ಕತೆಯೂ ಹೆಚ್ಚುಕಡಿಮೆ ಇದೇ: ರುಚಿ ಇದೆ, ಪ್ರೋಟೀನ್ ಇದೆ, ಆದರೆ ಹೊಟ್ಟೆಗೆ ಹೋದದ್ದು ಚೂರುಚೂರಾಗಿ ಜೀರ್ಣವಾಗುತ್ತದೆಯೇ ಹೊರತು ಇಡಿಯಾಗಿ ಮಂಡಿಗೆ ಹೋಗಿ ಕೂರುವುದಿಲ್ಲ. ತೂಕ ಇಳಿಸುವುದರ ಲೆಕ್ಕ ಮಾತ್ರ ಖಚಿತವಾಗಿದೆ. ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಬೆಳೆಯುವ ಮಕ್ಕಳಲ್ಲಿ

ಪ್ರೋಟಿಯೋಗ್ಲೈಕನ್‌ಗಳ ಕೆಲಸ ಮುಪ್ಪಿನಲ್ಲಿ ಶುರುವಾಗುವುದಲ್ಲ. ಭ್ರೂಣದ ಹೃದಯ ಮೊದಲು ಎರಡು ತೆಳು ಪದರಗಳ ಕೊಳವೆ. ಪದರಗಳ ನಡುವೆ ಇರುವುದು ಹಯಲುರಾನಿಕ್ ಆಮ್ಲ ಮತ್ತು ವರ್ಸಿಕಾನ್ ಎಂಬ ಪ್ರೋಟಿಯೋಗ್ಲೈಕನ್ ತುಂಬಿದ ಲೋಳೆ. ಆ ಲೋಳೆಯೊಳಕ್ಕೆ ಕೋಶಗಳು ನಡೆದುಬಂದು ಹೃದಯದ ಕವಾಟಗಳನ್ನು ಕಟ್ಟುತ್ತವೆ. ಲೋಳೆ ತಯಾರಾಗದ ಇಲಿಮರಿಗಳು ಗರ್ಭದಲ್ಲೇ ಸಾಯುತ್ತವೆ. ಮಗುವಿನ ಎತ್ತರವೂ ಹೀಗೆಯೇ. ಮೂಳೆಯ ತುದಿಯ ಮೃದ್ವಸ್ಥಿಯ ಪಟ್ಟಿಯಲ್ಲಿ ಕೋಶಗಳು ಕಂಬದಂತೆ ಸಾಲುಗಟ್ಟಿ ಉಬ್ಬುವುದರಿಂದ ಮೂಳೆ ಉದ್ದವಾಗುತ್ತದೆ. ಅಗ್ರೆಕಾನ್‌ನ ಜೀನಿನಲ್ಲಿ ದೋಷವಿದ್ದರೆ ಮಗು ಕುಳ್ಳಾಗಿ ಉಳಿಯುತ್ತದೆ, ಕೆಲವರಿಗೆ ಚಿಕ್ಕ ವಯಸ್ಸಿನಲ್ಲೇ ಕೀಲುನೋವು ಶುರುವಾಗುತ್ತದೆ.

ಕಟ್ಟುವುದು ಒಂದು ಕೆಲಸವಾದರೆ ಹಳತನ್ನು ಕೆಡವಿ ವಿಲೇವಾರಿ ಮಾಡುವುದು ಇನ್ನೊಂದು. ಈ ಸಕ್ಕರೆ ಎಳೆಗಳನ್ನು ಮುರಿಯಲು ಕೋಶದೊಳಗಿನ ಲೈಸೋಸೋಮ್‌ನಲ್ಲಿ ಸಾಲುಸಾಲು ಕಿಣ್ವಗಳಿವೆ, ಒಂದೊಂದಕ್ಕೂ ಒಂದೊಂದು ಕತ್ತರಿ ಕೆಲಸ. ಯಾವುದಾದರೊಂದು ಇಲ್ಲದಿದ್ದರೆ ಎಳೆಗಳು ಮುರಿಯದೆ ರಾಶಿ ಬೀಳುತ್ತವೆ. ಈ ಕಾಯಿಲೆಗಳ ಗುಂಪಿಗೆ ಮ್ಯೂಕೋಪಾಲಿಸ್ಯಾಕರಿಡೋಸಿಸ್ ಎಂದು ಹೆಸರು, ಚಿಕ್ಕದಾಗಿ ಎಂಪಿಎಸ್. ಮಗು ಹುಟ್ಟುವಾಗ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಆಮೇಲೆ ನಿಧಾನವಾಗಿ ಬೆರಳುಗಳು ಬಿಗಿಯುತ್ತವೆ, ಬೆನ್ನು ಗೂನಾಗುತ್ತದೆ, ಹೊಕ್ಕುಳು ಇಲ್ಲವೇ ತೊಡೆಸಂದಿನಲ್ಲಿ ಹರ್ನಿಯಾ ಕಾಣುತ್ತದೆ, ಕಿವಿ ಪದೇ ಪದೇ ಸೋರುತ್ತದೆ, ಕೆಲವು ಬಗೆಗಳಲ್ಲಿ ಕಣ್ಣಿನ ಪಾರದರ್ಶಕ ಪದರ ಮಬ್ಬಾಗುತ್ತದೆ. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಸಾಮಾನ್ಯ ತೊಂದರೆ. ಒಂದೇ ಮಗುವಿನಲ್ಲಿ ಎರಡು ಮೂರು ಸೇರಿದರೆ ಮಕ್ಕಳ ತಜ್ಞರ ಬಳಿ ಈ ಹೆಸರು ಹೇಳಿ ಕೇಳುವುದು ಒಳ್ಳೆಯದು. ಮೊದಲ ಸುಳಿವು ಮೂತ್ರ ಪರೀಕ್ಷೆಯಲ್ಲೇ ಸಿಗಬಹುದು.

ಚಿಕಿತ್ಸೆಯ ದಾರಿ ತೆರೆದ ಪ್ರಯೋಗ ನಡೆದದ್ದು 1968ರಲ್ಲಿ, ಎಲಿಜಬೆತ್ ನ್ಯೂಫೆಲ್ಡ್ ಅವರ ಪ್ರಯೋಗಾಲಯದಲ್ಲಿ. ಎಂಪಿಎಸ್‌ನ ಎರಡು ಬಗೆಗಳಾದ ಹರ್ಲರ್ ಮತ್ತು ಹಂಟರ್ ಕಾಯಿಲೆಯ ಮಕ್ಕಳ ಚರ್ಮದ ಕೋಶಗಳನ್ನು ಒಂದೇ ತಟ್ಟೆಯಲ್ಲಿ ಬೆಳೆಸಿದಾಗ ಎರಡೂ ಸರಿಹೋದವು. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿತ್ತು, ನಡುವಿನ ದ್ರವದ ಮೂಲಕ ಕೊಟ್ಟು ತೆಗೆದುಕೊಂಡಿದ್ದವು. ಕೋಶ ತನಗಿಲ್ಲದ ಕಿಣ್ವವನ್ನು ಹೊರಗಿನಿಂದ ಎತ್ತಿಕೊಳ್ಳಬಲ್ಲದು ಎಂದಾದ ಮೇಲೆ, ತಯಾರಿಸಿದ ಕಿಣ್ವವನ್ನು ಡ್ರಿಪ್ ಮೂಲಕ ಕೊಡಬಹುದೆಂಬ ಭರವಸೆ ಬಂತು. ಹರ್ಲರ್ ಬಗೆಗೆ ಇಂಥ ಔಷಧ 2003ರಲ್ಲಿ ಅನುಮತಿ ಪಡೆಯಿತು. ಆ ಕಿಣ್ವ ಮಿದುಳಿನೊಳಗೆ ದಾಟಲಾರದು. ವಾರವಾರವೂ ಕೊಡಬೇಕು. ಮಗುವಿನ ತೂಕ ಏರಿದಂತೆ ಔಷಧದ ಪ್ರಮಾಣವೂ ಖರ್ಚೂ ಏರುತ್ತದೆ. ಯಾವ ಮಧ್ಯಮ ವರ್ಗದ ಮನೆಯೂ ಹೊರಲಾಗದ ಖರ್ಚು ಅದು.

ಇದರ ಚಿಕಿತ್ಸೆಗೆ ಕನ್ನಡದ ಅಪ್ಪ ಅಮ್ಮಂದಿರು ದೆಹಲಿಗೆ ಓಡಬೇಕಿಲ್ಲ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ ಗುರುತಿಸಿದ ಮೊದಲ ಎಂಟು ಕೇಂದ್ರಗಳಲ್ಲಿ ಬೆಂಗಳೂರಿನದೂ ಒಂದು. ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಜಯನಗರದ ಪಕ್ಕದ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಎರಡೂ ಸೇರಿದ ಕೇಂದ್ರ ಅದು. ನೀತಿಯಡಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ದೊಡ್ಡ ಮೊತ್ತವೇ, ಆದರೆ ಜೀವಮಾನವಿಡೀ ಬೇಕಾದ ಔಷಧಕ್ಕೆ ಸಾಲದು. ಮಗುವಿನ ಔಷಧ ನೆರವಿನ ಮಿತಿಯಲ್ಲಿ ನಿಲ್ಲಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಇನ್ನೊಂದು ಮಾತು, ಹೇಳಲು ಕಷ್ಟವಾದರೂ. ಎಂಪಿಎಸ್‌ನ ಹೆಚ್ಚಿನ ಬಗೆಗಳಲ್ಲಿ ತಂದೆ ತಾಯಿ ಇಬ್ಬರೂ ದೋಷದ ಜೀನನ್ನು ಹೊತ್ತಿದ್ದರೆ ಮಾತ್ರ ಮಗುವಿಗೆ ಕಾಯಿಲೆ ಬರುತ್ತದೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಂಭವ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ನಮ್ಮ ಪದ್ಧತಿಯಲ್ಲಿ ಒಂದೇ ಜೀನು ಎರಡೂ ಕಡೆಯಿಂದ ಬಂದು ಸೇರುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಇಂಥ ಮಗು ಇದ್ದರೆ ಮುಂದಿನ ಮದುವೆಗೆ ಮುಂಚೆಯೇ ತಳಿ ಸಲಹೆ ಪಡೆಯಬೇಕು.

ಬನ್ನೇರುಘಟ್ಟ ರಸ್ತೆಯಿಂದ ಹೊಸೂರು ರಸ್ತೆಗೆ

ಜಯನಗರ 9ನೇ ಬ್ಲಾಕಿನ ಜಯದೇವ ಹೃದ್ರೋಗ ಸಂಸ್ಥೆಗೆ ಎದೆ ಹಿಡಿದುಕೊಂಡು ಬರುವವರ ರಕ್ತನಾಳದ ಕತೆಯಲ್ಲೂ ಇದೇ ಅಣುಗಳಿವೆ. ಕೊಲೆಸ್ಟ್ರಾಲ್ ನಾಳದೊಳಗೆ ಪೈಪಿನ ಜಿಡ್ಡಿನಂತೆ ಅಂಟುತ್ತದೆ ಎಂದು ನಾವು ತಿಳಿದಿದ್ದೇವೆ. ಅದು ಸೇರುವುದು ಗೋಡೆಯ ಒಳಗೆ. ಕೊಲೆಸ್ಟ್ರಾಲ್ ಹೊತ್ತು ತರುವ ಎಲ್‌ಡಿಎಲ್ ಕಣದ ಪ್ರೋಟೀನಿನಲ್ಲಿ ಧನ ವಿದ್ಯುದಂಶದ ತಾಣಗಳಿವೆ, ಗೋಡೆಯೊಳಗಿನ ಪ್ರೋಟಿಯೋಗ್ಲೈಕನ್ ಎಳೆಗಳಲ್ಲಿ ಋಣ. ಒಳಗೆ ಬಂದ ಕಣ ಅಲ್ಲೇ ಸಿಕ್ಕಿಬೀಳುತ್ತದೆ, ಉಳಿದ ಅನಾಹುತಕ್ಕೆಲ್ಲ ಅದೇ ಮೊದಲು. ವಿಲಿಯಮ್ಸ್ ಮತ್ತು ಟಾಬಾಸ್ 1995ರಲ್ಲಿ ಮುಂದಿಟ್ಟ ವಾದ ಇದು. ಎಳೆಗೆ ಅಂಟದಂತೆ ಬದಲಿಸಿದ ಎಲ್‌ಡಿಎಲ್ ಇರುವ ಇಲಿಗಳಲ್ಲಿ ರಕ್ತನಾಳದ ಕಾಯಿಲೆ ಬಹಳ ಕಡಿಮೆಯಾದದ್ದು 2002ರಲ್ಲಿ ವರದಿಯಾಯಿತು. ಎಲ್‌ಡಿಎಲ್ ಇಳಿಸಿ ಎಂದು ವೈದ್ಯರು ಪಟ್ಟು ಹಿಡಿಯುವುದು ಇದಕ್ಕೇ: ಸಿಕ್ಕಿಬೀಳಲು ಕಣಗಳೇ ಕಡಿಮೆ ಇರಲಿ. ಅದೇ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕುವಾಗ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಕೂಡ ಇದೇ ಕುಲದ ಸಕ್ಕರೆ ಎಳೆ. ಜೇ ಮೆಕ್‌ಲೀನ್ ಎಂಬ ವೈದ್ಯ ವಿದ್ಯಾರ್ಥಿ 1916ರಲ್ಲಿ ನಾಯಿಯ ಯಕೃತ್ತಿನಲ್ಲಿ ಅದರ ಸುಳಿವು ಕಂಡಿದ್ದ. ಇಂದು ಹೆಚ್ಚಾಗಿ ಹಂದಿಯ ಕರುಳಿನಿಂದ ತೆಗೆಯುತ್ತಾರೆ.

ಮಳೆಗಾಲ ಬಂದರೆ ಬಿಟಿಎಂ ಬಡಾವಣೆಯ ಪಿಜಿಗಳಿಂದ ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳವರೆಗೆ ಒಂದೇ ಮಾತು: “ಪ್ಲೇಟ್‌ಲೆಟ್ ಎಷ್ಟಿದೆ?” ರಾಜ್ಯ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಎಂದು ಅಧಿಸೂಚಿಸಿತು. ಪ್ಲೇಟ್‌ಲೆಟ್ ಮುಖ್ಯವೇ. ಆದರೆ ಡೆಂಗಿ ಕೊಲ್ಲುವುದು ಬಹುಮಟ್ಟಿಗೆ ಸೋರಿಕೆಯಿಂದ. ನಮ್ಮ ರಕ್ತನಾಳಗಳ ಒಳಮೈಗೆ ಸಿಂಡೆಕಾನ್ ಮೊದಲಾದ ಪ್ರೋಟಿಯೋಗ್ಲೈಕನ್‌ಗಳ ಹುಲ್ಲುಹಾಸಿನಂಥ ಲೇಪವಿದೆ. ರಕ್ತದ ನೀರು ಹೊರಕ್ಕೆ ಇಂಗದಂತೆ ತಡೆಯುವುದು ಅದು. ಮೊದಲ ದಿನಗಳಲ್ಲಿ ಲ್ಯಾಬಿನವರು ಎನ್‌ಎಸ್1 ಟೆಸ್ಟ್ ಮಾಡುತ್ತಾರಲ್ಲ, ವೈರಸ್ಸಿನ ಅದೇ ಎನ್‌ಎಸ್1 ಪ್ರೋಟೀನು ಈ ಹುಲ್ಲನ್ನು ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ ಎಂದು 2016ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಜ್ವರ ಇಳಿಯಿತು ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೇ ಸೋರಿಕೆ ಜೋರಾಗಬಹುದು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಪ್ಲೇಟ್‌ಲೆಟ್ ಲೆಕ್ಕ ಚೆನ್ನಾಗಿದ್ದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಹೊಸೂರು ರಸ್ತೆಯ ಕಡೆ ಮಿದುಳು-ನರಗಳ ಆಸ್ಪತ್ರೆ ನಿಮ್ಹಾನ್ಸ್ ಮತ್ತು ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ ಒಂದಕ್ಕೊಂದು ಹತ್ತಿರದಲ್ಲೇ ಇವೆ. ಎರಡೂ ಕಡೆಯ ಕತೆಯಲ್ಲಿ ಈ ಅಣುಗಳಿವೆ. ಬೆನ್ನುಹುರಿಗೆ ಪೆಟ್ಟಾದಲ್ಲಿ ಕಾಂಡ್ರಾಯ್ಟಿನ್ ಸಲ್ಫೇಟ್ ಎಳೆಗಳು ದಟ್ಟವಾಗಿ ಕಟ್ಟಿಕೊಂಡು ನರತಂತು ಮತ್ತೆ ಬೆಳೆಯದಂತೆ ಬೇಲಿ ಹಾಕುತ್ತವೆ. ಮಂಡಿಯಲ್ಲಿ ಇರಲೇಬೇಕಾದದ್ದು ಇಲ್ಲಿ ಅಡ್ಡಿ. ಬ್ಯಾಕ್ಟೀರಿಯಾದಿಂದ ತೆಗೆದ ಕಿಣ್ವದಿಂದ ಆ ಬೇಲಿ ಕರಗಿಸಿದಾಗ ಇಲಿಗಳು ಒಂದಿಷ್ಟು ಚಲನೆ ಮರಳಿ ಪಡೆದದ್ದು 2002ರಲ್ಲಿ ಪ್ರಕಟವಾಯಿತು. ಕ್ಯಾನ್ಸರಿನಲ್ಲಿ ಇದೇ ಅಣುಗಳು ಗುರುತಿನ ಚೀಟಿ: ಸಿಡಿ138 ಎಂದು ರೋಗಪರೀಕ್ಷಕರು ಕರೆಯುವುದು ಸಿಂಡೆಕಾನ್-1 ಅನ್ನೇ, ಮಲ್ಟಿಪಲ್ ಮೈಲೋಮಾ ಪತ್ತೆಗೆ ಅದು ಬೇಕು. ಯಕೃತ್ತಿನ ಕ್ಯಾನ್ಸರ್ ಗುರುತಿಸಲು ಗ್ಲಿಪಿಕಾನ್-3.

ಕಣ್ಣು

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಹೋದರು. ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ನಮಗೆಲ್ಲ ಗೊತ್ತು. ಎರಡು ಕಣ್ಣು ನಾಲ್ವರಿಗೆ ಹೇಗಾಯಿತು ಎಂಬುದು ಅಷ್ಟು ಜನರಿಗೆ ಗೊತ್ತಿಲ್ಲ. ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿದರು. ಮುಂಭಾಗ ಕೆಟ್ಟಿದ್ದ ಇಬ್ಬರಿಗೆ ಮುಂದಿನದು, ಒಳಪದರ ಕೆಟ್ಟಿದ್ದ ಇಬ್ಬರಿಗೆ ಹಿಂದಿನದು.

ಆ ಮುಂದಿನ ಪದರದ ಬಹುಪಾಲು ಕೊಲಾಜೆನ್. ಚರ್ಮದಲ್ಲಿರುವುದೂ ಕೊಲಾಜೆನ್ನೇ, ಆದರೆ ಚರ್ಮದಾಚೆ ಏನೂ ಕಾಣುವುದಿಲ್ಲ. ಕಾರ್ನಿಯಾ ಪಾರದರ್ಶಕವಾಗಿರುವುದಕ್ಕೆ ಕಾರಣ ಅಲ್ಲಿನ ನಾರುಗಳ ಶಿಸ್ತು. ಎಲ್ಲವೂ ಒಂದೇ ಸಮನಾಗಿ ಸಣ್ಣ, ಎಲ್ಲವುಗಳ ನಡುವೆಯೂ ಒಂದೇ ಅಂತರ. ಆ ಅಂತರವನ್ನು ಕಾಯುವುದು ಲ್ಯುಮಿಕಾನ್ ಎಂಬ ಪ್ರೋಟಿಯೋಗ್ಲೈಕನ್. ಶುಕ್ತಿ ಚಕ್ರವರ್ತಿ ಮತ್ತು ಸಂಗಡಿಗರು 1998ರಲ್ಲಿ ಲ್ಯುಮಿಕಾನ್ ಇಲ್ಲದ ಇಲಿಗಳನ್ನು ಬೆಳೆಸಿದಾಗ ನಾರುಗಳು ಅಡ್ಡಾದಿಡ್ಡಿಯಾಗಿ ಕಣ್ಣು ಮಬ್ಬಾಯಿತು, ಚರ್ಮವೂ ದುರ್ಬಲವಾಯಿತು.

ಇದನ್ನು ಒಂದು ಸಂಜೆ ಅಮ್ಮನಿಗೆ ಓದಿ ಹೇಳಿದೆ. ಅವಳು ಕುರ್ಚಿಯಲ್ಲಿ ಕೂತು ಫಿಸಿಯೋಥೆರಪಿಯವರು ಹೇಳಿಕೊಟ್ಟ ಹಾಗೆ ಕಾಲು ನೀಟಾಗಿ ಮುಂದೆ ಚಾಚಿ, ಹತ್ತು ಎಣಿಸಿ, ಇಳಿಸುತ್ತಿದ್ದಳು. ತೊಡೆಯ ಸ್ನಾಯು ಬಲವಾದರೆ ಮಂಡಿಯ ಭಾರ ಹಂಚಿಹೋಗುತ್ತದೆ. “ಎಪ್ಪತ್ತೊಂದರ ಕಣ್ಣು ತಗೋತಾರಾ?” ಎಂದು ಕೇಳಿದಳು. ತೆಗೆದುಕೊಳ್ಳುತ್ತಾರೆ. ಕನ್ನಡಕ ಹಾಕಿದರೂ, ಪೊರೆಯ ಆಪರೇಷನ್ ಆಗಿದ್ದರೂ ಅಡ್ಡಿಯಿಲ್ಲ. 2006ರಲ್ಲಿ ಡಾ. ರಾಜ್‌ಕುಮಾರ್ ಕಣ್ಣು ಕೊಟ್ಟಾಗ ಅವರಿಗೆ ಎಪ್ಪತ್ತು ದಾಟಿತ್ತು. ಸಾವಿನ ನಂತರ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಆದ್ದರಿಂದ ಮನೆಯವರಿಗೆ ಮೊದಲೇ ಹೇಳಿಟ್ಟಿರಬೇಕು.

“ಹೇಳಿದೀನಿ ಈಗ, ನೆನಪಿಟ್ಕೋ,” ಎಂದಳು ಅಮ್ಮ. ಎಡಗಾಲು ಇಳಿಸಿ, ಬಲಗಾಲು ಚಾಚಿ, ಮತ್ತೆ ಒಂದರಿಂದ ಎಣಿಸತೊಡಗಿದಳು.